ಒಂದೇ ಕಿಕ್ಕಿನ ಪ್ಲಗ್

ನಾನು ಒಂದು ಸ್ಪಾರ್ಕ್ ಪ್ಲಗ್. ಪಿಂಗಾಣಿಯ ಮೈ, ಉಕ್ಕಿನ ಸೊಂಟ, ತುದಿಯಲ್ಲಿ ಕಿಡಿ. ಕಾರ್ಖಾನೆಯಲ್ಲೇ ನಮ್ಮ ಸ್ವಭಾವ ನಿರ್ಧಾರವಾಗಿಬಿಡುತ್ತದೆ. ತಣ್ಣನೆಯ ಪ್ಲಗ್ಗುಗಳು ಬಿಸಿಯನ್ನು ಬೇಗ ದಾಟಿಸಿ ಕೈತೊಳೆದುಕೊಳ್ಳುತ್ತವೆ. ನಾನು ಬಿಸಿ ಪ್ಲಗ್. ಬಂದ ಬಿಸಿಯನ್ನು ತುದಿಯಲ್ಲೇ ಹಿಡಿದುಕೊಳ್ಳುತ್ತೇನೆ. ಹಾಗಾಗಿ ನನ್ನ ಮೇಲೆ ಮಸಿ ನಿಲ್ಲದು, ಚಳಿಯಲ್ಲೂ ಗಾಡಿ ಒಂದೇ ಕಿಕ್ಕಿಗೆ ಹೊರಡುತ್ತದೆ. ಆ ಜಂಬ ನನಗೆ ತುಸು ಹೆಚ್ಚೇ ಇತ್ತು.

ಹುಬ್ಬಳ್ಳಿಯ ಮಹಾರುದ್ರಪ್ಪ ನನ್ನನ್ನು ತಮ್ಮ ಮೋಟಾರ್‌ಸೈಕಲ್ಲಿಗೆ ಹಾಕಿಸಿದರು. ಓಣಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ಹೆಂಡತಿ ನೀಲಾಂಬಿಕಾ ಚಹಾಕ್ಕೆ ನೀರಿಡುತ್ತಿದ್ದರು. ಒಂದು ಜ್ವರ ಮಹಾರುದ್ರಪ್ಪನವರನ್ನು ಕರೆದೊಯ್ಯಿತು. ಗಾಡಿ ತಾಡಪಾಲಿನಡಿ ನಿಂತಿತು.

ಅಣ್ಣನ ಗಾಡಿ ಮೂಲೆಗುಂಪಾಗಬಾರದೆಂದು ತಮ್ಮ ಗುರುಪಾದ ಅದನ್ನು ಬಿಚ್ಚಿ, ಹಳೇ ಕಾರಿನದೊಂದು ಟರ್ಬೊ ಜೋಡಿಸಿದ. ಇಂಜಿನ್ನಿಗೆ ಗಾಳಿ ತುರುಕುವ ಯಂತ್ರ ಅದು. ಗಾಳಿ ಹೆಚ್ಚಿದರೆ ಬೆಂಕಿಯೂ ಹೆಚ್ಚು.

"ಇದಕ್ಕ ತಣ್ಣನ ಪ್ಲಗ್ಗೇ ಬೇಕ್ರೀ," ಎಂದರು ಮೆಕ್ಯಾನಿಕ್ ದಾದಾಪೀರ್. "ಹಳೇದು ಹಾಕಿದ್ರ ಕೆಂಪಗ ಕಾದು, ಕಿಡಿ ಬರೋಕಿಂತ ಮೊದಲ ಬೆಂಕಿ ಹಚ್ಚತೈತಿ. ಪಿಸ್ಟನ್ ತೂತು ಬೀಳತೈತಿ. ಈ ಪಿಸ್ಟನ್ ಈಗ ಎಲ್ಲೂ ಸಿಗಂಗಿಲ್ಲ."

ದಾದಾಪೀರ್ ಹೇಳಿದ ಹಾಗೇ ಗುರುಪಾದ ತಣ್ಣನೆಯ ಪ್ಲಗ್ ಹಾಕಿದ. ನಾನು ಪಾನಾ, ಸ್ಕ್ರೂಡ್ರೈವರುಗಳ ಡಬ್ಬಿ ಸೇರಿದೆ. ಅವಮಾನವಾಯಿತು.

ಗಾಡಿಯ ಸದ್ದು ಕೇಳಿಸುತ್ತೇನೆಂದು ಅವನು ಅತ್ತಿಗೆಯನ್ನು ಬಾಗಿಲಿಗೆ ಕರೆದ. ಹಿಂದಿನ ದಿನವೆಲ್ಲ ನಿಧಾನಕ್ಕೆ ಓಡಿಸಿ ನೋಡಿದ್ದರಿಂದ ತಣ್ಣನೆಯ ಪ್ಲಗ್ಗಿಗೆ ಮಸಿ ಹಿಡಿದಿತ್ತು. ಕಿಕ್ ಹೊಡೆದು ಹೊಡೆದು ಅಂಗಿ ಒದ್ದೆಯಾಯಿತು. ನೀಲಾಂಬಿಕಾ ಒಳಹೋಗಲು ತಿರುಗಿದರು.

"ಇರ್ರಿ ವೈನಿ," ಎಂದು ಗುರುಪಾದ ನನ್ನನ್ನು ಡಬ್ಬಿಯಿಂದ ತೆಗೆದು ಇಂಜಿನ್ನಿಗೆ ಕೂರಿಸಿದ. "ಚಾಲೂ ಆಗೂಮಟ ಅಷ್ಟ. ಆಮ್ಯಾಲೆ ಬದಲಿ ಮಾಡ್ತೇನಿ."

ಒಂದೇ ಕಿಕ್ಕು. ಸದ್ದು ತುಸು ಬೇರೆಯಾಗಿತ್ತು, ಆದರೂ ಅವರು ಗುರುತು ಹಿಡಿದು ಮೆಟ್ಟಿಲಿಳಿದು ಬಂದರು. ಗುರುಪಾದನ ಕೈ ಕೀಲಿಗೆ ಹೋಯಿತು.

"ಬಂದ್ ಮಾಡಬ್ಯಾಡಪಾ. ಒಂದ ಸಲ ಹೊರಗ ಹೋಗಿ ಬಾ. ಅವರು ಮನೀಗೆ ಬಂದಂಗ ಆಗ್ಲಿ."

ಅವನು ಕೀಲಿಯಿಂದ ಕೈ ತೆಗೆದು ಗೇರ್ ಹಾಕಿದ. ದೊಡ್ಡ ರಸ್ತೆಯಲ್ಲಿ ಟರ್ಬೊ ಗಾಳಿ ತುರುಕಿತು, ನಾನು ಕೆಂಪಾದೆ. ಬಿಸಿಯನ್ನು ಬಿಟ್ಟುಕೊಡಬೇಕೆಂದು ಎಷ್ಟು ಬಯಸಿದರೂ ನನ್ನಿಂದಾಗಲಿಲ್ಲ. ಮರಳಿ ಓಣಿಯ ತಿರುವಿಗೆ ಬರುವಷ್ಟರಲ್ಲಿ ಪಿಸ್ಟನ್ನಿಗೆ ತೂತು ಬಿತ್ತು, ಸದ್ದು ನಿಂತಿತು. ಗುರುಪಾದ ಗಾಡಿ ತಳ್ಳಿಕೊಂಡು ಬಂದಾಗ ಒಳಗೆ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು.

"ಏನಾತು?"

"ಹಳೇ ಇಂಜಿನ್, ವೈನಿ. ಅದರ ಆಯುಷ್ಯ ಮುಗದಿತ್ತು."

ದಾದಾಪೀರ್ ನನ್ನನ್ನು ಬಿಚ್ಚಿ, ಕರಗಿದ ತುದಿಯನ್ನು ನೋಡಿ, ಗುರುಪಾದನ ಮುಖ ನೋಡಿ, ನನ್ನನ್ನು ಅವನ ಕೈಗಿಟ್ಟರು. ಗಾಡಿ ಗುಜರಿಗೆ ಹೋಯಿತು.

ಗಂಡ ಹಾಕಿಸಿದ್ದು ಇದೊಂದಾದರೂ ಇರಲಿ ಎಂದು ನೀಲಾಂಬಿಕಾ ನನ್ನನ್ನು ಅವರ ಫೋಟೋದ ಮುಂದೆ ಇಟ್ಟುಕೊಂಡರು. ಆಯುಧಪೂಜೆ ಬಂದರೆ ನನಗೂ ಕುಂಕುಮ, ಹೂವು.

"ಇದರದೇನೂ ತಪ್ಪಿರಲಿಲ್ಲ ನೋಡು," ಎನ್ನುತ್ತಾರೆ ಮೈದುನನಿಗೆ. "ಒಂದ ಕಿಕ್ಕಿಗೆ ಚಾಲೂ ಆಗಿತ್ತು."

ಗುರುಪಾದ ಹೌದೆಂದು ತಲೆಯಾಡಿಸಿ ನೆಲ ನೋಡುತ್ತಾನೆ. ಅವನು ನಿಜ ಹೇಳಿಬಿಟ್ಟರೆ, ಹೋಗಿ ಬಾ ಎಂದ ತಮ್ಮದೇ ಮಾತು ನೀಲಾಂಬಿಕಾ ಅವರಿಗೆ ಮುಳ್ಳಾಗುತ್ತದೆ. ಮಾತು ಬಂದಿದ್ದರೂ ನಾನು ಹೇಳುತ್ತಿರಲಿಲ್ಲ. ಹಿಡಿದಿಟ್ಟುಕೊಳ್ಳುವುದೊಂದೇ ನನಗೆ ಗೊತ್ತಿರುವುದು.