ಬೋರ್ಡು ಯಾವ ಬದಿಗೆ

ನೆಲ್ಯಾಡಿ ಪೇಟೆಯ ಮೊಬೈಲ್ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎಲ್ಲಿ ಏಳಬೇಕೆಂದು ತೋರಿಸಲು ಕರೆದಿದ್ದರಿಂದ ಸಾರಮ್ಮ ಬಂದು ಸ್ಟೂಲಿನ ಮೇಲೆ ಕುಳಿತಿದ್ದರು. ಅಂಗಡಿ ಅವರ ಹೆಸರಿನಲ್ಲಿತ್ತು, ನಡೆಸುತ್ತಿದ್ದವರು ಇಬ್ಬರು ಗಂಡುಮಕ್ಕಳು. ದೊಡ್ಡವ ತಮೀಮ್, ಅವನನ್ನು 'ಕಾಕ' ಎಂದು ಕರೆಯುವ ಚಿಕ್ಕವ ಶಾನವಾಝ್. ಇಬ್ಬರೂ ಪರಸ್ಪರ ಮಾತು ಬಿಟ್ಟು ವಾರ ಕಳೆದಿತ್ತು. ಗೋಡೆ ಬೇಡ, ಒಟ್ಟಿಗಿರಿ ಎಂದು ಹೇಳಬೇಕೆಂದೇ ಸಾರಮ್ಮ ಮನೆಯಿಂದ ಹೊರಟದ್ದು. ಇಲ್ಲಿ ಕುಳಿತ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಜಗಳ ಶುರುವಾದದ್ದು ಒಂದು ಚಾರ್ಜರಿನಿಂದ. ಬೆಂಗಳೂರು ಬಸ್ಸು ಚಹಾಕ್ಕೆ ನಿಂತಾಗ ಪ್ರಯಾಣಿಕನೊಬ್ಬ ಇಳಿದು ಬಂದ. 'ಇಲ್ಲಿ ಬಿಟ್‌ಕಾಯಿನ್ ಆಗುತ್ತದೆ' ಎಂದು ತಮೀಮ್ ಅಂಟಿಸಿದ್ದ ಚೀಟಿ ನೋಡಿ ಖುಷಿಯಾಗಿ ಫೋನಿನಿಂದಲೇ ನಾಣ್ಯ ಕಳಿಸಿದ. ಅದು ಲೆಕ್ಕಕ್ಕೆ ಸೇರುವ ಸರತಿಯಲ್ಲಿ ನಿಂತಿತು. ಹೆಚ್ಚು ಶುಲ್ಕ ಕೊಟ್ಟವರನ್ನು ಮೊದಲು ಬಿಡುವ ಸರತಿ ಅದು. ಬಸ್ಸು ಹಾರ್ನ್ ಹೊಡೆಯಿತು. "ಬರ್ತದೆ, ನೀವು ಹೋಗಿ" ಎಂದು ತಮೀಮ್ ಚಾರ್ಜರ್ ಕೊಟ್ಟ. "ಖಚಿತ ಆಗದೆ ಕೊಡುದು ಹೇಗೆ?" ಎಂದು ಶಾನವಾಝ್ ಅದನ್ನು ಕಿತ್ತುಕೊಂಡ. ಪ್ರಯಾಣಿಕ ಬರಿಗೈಯಲ್ಲಿ ಬಸ್ಸಿನತ್ತ ಓಡಿದ. ದುಡ್ಡು ಸಂಜೆ ಬಂತು. ಚಾರ್ಜರ್ ಇಲ್ಲೇ ಉಳಿಯಿತು.

ಬಡಗಿ ತ್ಯಾಂಪಣ್ಣ ಟೇಪು ಎಳೆಯುತ್ತ ಕೇಳಿದ, "ಎಂತ ಜಗಳ ಸಾರಮ್ಮ ಇವರದ್ದು? ಜಾಗದ್ದಾ?"

"ಕಣ್ಣಿಗೆ ಕಾಣದ ನಾಣ್ಯದ್ದು."

"ನೀವೇ ಹೇಳಿ ತ್ಯಾಂಪಣ್ಣ," ತಮೀಮ್ ಬಾಯಿ ಬಿಟ್ಟ. "ಒಂದು ಚಹಾ ಕುಡಿಲಿಕ್ಕೆ ಆಗದ ದುಡ್ಡು ಎಂತ ದುಡ್ಡು? ಆ ನಾಣ್ಯದ ಲೆಕ್ಕ ಬರೆಯುವ ಹಾಳೆ ದೊಡ್ಡದು ಮಾಡಿದ್ರೆ ಒಮ್ಮೆಗೇ ಜಾಸ್ತಿ ಜನರದ್ದು ಹಿಡಿತದೆ. ಶುಲ್ಕವೂ ಇಳಿತದೆ."

"ಹಾಳೆ ದೊಡ್ಡದಾದ್ರೆ ಇಡೀ ಲೆಕ್ಕ ಇಟ್ಟುಕೊಳ್ಳುದು ದೊಡ್ಡ ಕಂಪೆನಿಯವರಿಗೆ ಮಾತ್ರ ಸಾಧ್ಯ ಅಂತ ಕಾಕನಿಗೆ ಹೇಳಿ," ಶಾನವಾಝ್ ಅಣ್ಣನತ್ತ ನೋಡದೆ ಎಂದ. "ಈಗ ನನ್ನ ಹಳೇ ಕಂಪ್ಯೂಟರಿನಲ್ಲೂ ಆ ಇಡೀ ಲೆಕ್ಕ ಉಂಟು. ಚಹಾದ ಚಿಲ್ಲರೆ ಲೆಕ್ಕ ಹೊರಗೆ ಇಟ್ಟು, ಕೊನೆಗೆ ಒಟ್ಟು ಮೊತ್ತ ಇದರಲ್ಲಿ ಬರೆದ್ರೆ ಸಾಕು."

"ಅವನಿಗೆ ನಾಣ್ಯವನ್ನು ಕಪಾಟಿನಲ್ಲಿ ಪೂಜೆಗೆ ಇಟ್ಟ ಹಾಗೆ ಇಡ್ಲಿಕ್ಕೆ ಬೇಕು ತ್ಯಾಂಪಣ್ಣ."

"ಅಯ್ಯೋ, ಚಹಾ ನಾನು ಕುಡಿಸ್ತೇನೆ ಮಾರಾಯ್ರೆ, ಇಬ್ಬರಿಗೂ! ಪ್ಲೈವುಡ್ಡಿನ ಖರ್ಚು ಉಳಿತದೆ."

ಯಾರೂ ನಗಲಿಲ್ಲ.

"ಈ ಹಾಳೆಯ ಜಗಳದಲ್ಲಿ ಆ ನಾಣ್ಯವೇ ಎರಡಾಗಿದೆಯಂತೆ ಅಲ್ವಾ?" ಸಾರಮ್ಮ ಮೆಲ್ಲಗೆ ಕೇಳಿದರು. "ಹಳೇ ಲೆಕ್ಕ ಯಾರಿಗೆ?"

"ಒಡೆದ ದಿನದವರೆಗಿನದ್ದು ಎರಡಕ್ಕೂ ಉಂಟು ಉಮ್ಮಾ," ಶಾನವಾಝ್ ಎಂದ. "ಅಲ್ಲಿಂದ ಮುಂದೆ ಬೇರೆ ಬೇರೆ."

"ಅಸಲಿ ಯಾವುದು?"

"ನಮ್ಮದು," ಇಬ್ಬರೂ ಒಟ್ಟಿಗೇ ಹೇಳಿದರು.

ಇವರಿಬ್ಬರ ಹಳೇ ಲೆಕ್ಕವೂ ಒಂದೇ. ಒಂದೇ ತೊಟ್ಟಿಲು, ಒಂದೇ ದಡಾರ, ಒಂದೇ ಮದ್ರಸದ ದಾರಿ. ಅದನ್ನೆಲ್ಲ ನೆನೆದರೂ ಸಾರಮ್ಮನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

"ಗೆರೆ ಎಲ್ಲಿ ಹಾಕುದು?" ತ್ಯಾಂಪಣ್ಣ ಕೇಳಿದ.

ಸಾರಮ್ಮನ ಬೆರಳು ತಾನಾಗಿ ಎದ್ದು ನೆಲದ ನಡುವನ್ನು ತೋರಿಸಿತು. ಪೆನ್ಸಿಲ್ ಸರ್ರೆಂದು ಓಡಿತು.

"ಇನ್ನು ಹೊರಗಿನ ಬೋರ್ಡು. 'ಸಾರಾ ಮೊಬೈಲ್ಸ್' ಯಾವ ಬದಿಗೆ?"

"ಗಿರಾಕಿಗಳು ಬರುದು ನನ್ನ ಹತ್ತಿರ. ಹೆಸರು ನನಗೆ," ಎಂದ ತಮೀಮ್.

"ಮೊದಲಿನ ಹಾಗೆಯೇ ನಡೆಸುವವ ನಾನು. ನನಗೆ," ಎಂದ ಶಾನವಾಝ್.

ಸಾರಮ್ಮ ಎದ್ದು ನಿಂತರು. "ಹೆಸರು ನನ್ನದು. ಯಾವ ಬದಿಗೂ ಬೇಡ. ಇಳಿಸಿ."

ತ್ಯಾಂಪಣ್ಣ ಏಣಿ ಹತ್ತಿ ಮೊಳೆ ಕಿತ್ತ. ಬೋರ್ಡು ಒಬ್ಬನೇ ಹಿಡಿಯುವಂಥದಲ್ಲ. ತಮೀಮ್ ಒಂದು ತುದಿಗೆ ಕೈ ಕೊಟ್ಟ, ಶಾನವಾಝ್ ಇನ್ನೊಂದಕ್ಕೆ.

"ಮೆಲ್ಲ ಕಾಕ, ಅಲ್ಲಿ ತಗಡು ಉಂಟು."

"ನೀನು ಸ್ವಲ್ಪ ತಗ್ಗಿಸು. ಹಾಂ, ಹಾಗೆ."

ಮಕ್ಕಳು ಮಾತಾಡುತ್ತಿದ್ದಾರೆ ಎಂಬುದು ಸಾರಮ್ಮನಿಗೆ ತಿಳಿಯಿತು. ಈಗ ಸಂತೋಷ ಆಗಬೇಕು ಎಂದು ಕಾದರು. ಆಗಲಿಲ್ಲ. "ಆಟೋ ಕರೀರಿ," ಎಂದರು.