ರಾಚಿಯ ಹಸಿವು

ಜೋರಾಪುರ ಪೇಟೆಯ ಕಾಳಿನ ವ್ಯಾಪಾರಿ ಖಂಡಪ್ಪನ ಹೆಂಡತಿ ಸಕ್ರವ್ವನಿಗೆ ಆ ಹಸಿವು ಅಂಟಿಕೊಂಡದ್ದು ಮಗಳು ರಾಚಿ ಸತ್ತ ಮೇಲೆ. ಅರವತ್ತೆರಡನೆಯ ಇಸವಿಯ ಮಳೆಗಾಲದಲ್ಲಿ ಏಳು ವರ್ಷದ ರಾಚಿಗೆ ವಿಷಮಜ್ವರ ಬಂದಿತ್ತು. ಕರುಳು ಹುಣ್ಣಾಗಿದೆ, ಗಟ್ಟಿ ಆಹಾರ ಕೊಟ್ಟರೆ ಜೀವಕ್ಕೇ ಅಪಾಯ, ಬಾರ್ಲಿ ನೀರಷ್ಟೇ ಕುಡಿಸಿ ಎಂದು ಡಾಕ್ಟರು ಹೇಳಿದ್ದರು.

ಜ್ವರ ಇಳಿದಾಗಲೆಲ್ಲ ಹುಡುಗಿ ಕೇಳುತ್ತಿದ್ದಳು: "ಯವ್ವಾ, ಒಂದ ತುತ್ತ ರೊಟ್ಟಿ ಕೊಡ ಬೇ."

ಸಕ್ರವ್ವ ಕೊಡಲಿಲ್ಲ. ಕೇಳಿ ಕೇಳಿ ಸೋತು ರಾಚಿ ಕೇಳುವುದನ್ನೇ ಬಿಟ್ಟಳು. ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು.

ಕರ್ಮಗಳೆಲ್ಲ ಮುಗಿದು, ತವರಿನವರು ಹೊನವಾಡದ ಬಸ್ಸು ಹತ್ತಿದ ಮೇಲೆ ಸಕ್ರವ್ವ ಒಂದು ರೊಟ್ಟಿ ಉಂಡಳು. ಹೊಟ್ಟೆ ತುಂಬಿತು, ಹಸಿವು ಹಿಂಗಲಿಲ್ಲ. ಇನ್ನೊಂದು ತಿಂದಳು, ಮತ್ತೊಂದು, ಚಟ್ನಿಯೂ ಇಲ್ಲದೆ. ಬಾಯಿಗೆ ರುಚಿಯೇನೂ ಹತ್ತಲಿಲ್ಲ. ಆದರೆ ತಿನ್ನುವಷ್ಟು ಹೊತ್ತು ಕಿವಿಯೊಳಗೆ ರೊಟ್ಟಿ ಕೇಳುವ ರಾಚಿಯ ದನಿ ಸುಮ್ಮನಿತ್ತು. ಕೈ ತೊಳೆದ ಕೂಡಲೇ ಮತ್ತೆ ಶುರುವಾಯಿತು.

ಅಂದಿನಿಂದ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ತಿನ್ನತೊಡಗಿದಳು. ಹುರಿದ ಶೇಂಗಾ, ಬೆಲ್ಲ, ಆರಿದ ಅನ್ನ, ಕಡೆಗೆ ಹಸಿ ಹಿಟ್ಟು ಕೂಡ. ತಿಂದು ಕಾರಿಕೊಂಡು, ನಾಚಿ ಅತ್ತು, ಮತ್ತೆ ತಿನ್ನುವಳು. ತಾನು ಅಗಿಯುವಾಗ ಪಕ್ಕದಲ್ಲೇ ಇನ್ನೊಂದು ಸಣ್ಣ ಬಾಯಿ ಅಗಿಯುವ ಸದ್ದು ಕೇಳುತ್ತಿತ್ತು. ತಿರುಗಿ ನೋಡಲು ಅಂಜಿಕೆ. ನೋಡಿದರೆ ಎಲ್ಲಿ ನಿಂತುಹೋದೀತೋ ಎಂಬುದು ಅದಕ್ಕಿಂತ ದೊಡ್ಡ ಅಂಜಿಕೆ.

ರಾಚಿ ಸತ್ತು ವರ್ಷ ತುಂಬಿದ ದಿನ ಹೋಳಿಗೆ ಮಾಡಿ, ಅವಳು ಉಡುತ್ತಿದ್ದ ಪರಕಾರದ ಮುಂದೆ ಎಡೆ ಇಟ್ಟರು. ಅತ್ತೆ ಸಾವಂತ್ರವ್ವ ನೀರು ತರುವಷ್ಟರಲ್ಲಿ ಎಡೆ ಬರಿದಾಗಿತ್ತು. ಸಕ್ರವ್ವನ ಗಲ್ಲಕ್ಕೆ ಹೂರಣ ಮೆತ್ತಿತ್ತು.

"ಸತ್ತ ಕೂಸಿನ ಎಡಿ ತಿಂದ್ಯೇನ ಬೇ?"

"ನಾ ಅಲ್ರಿ ಅತ್ತಿ. ಆಕಿ ತಿಂದಾಳ."

ಮಗಳೇ ತಾಯಿಯ ಮೈಹೊಕ್ಕಿದ್ದಾಳೆ ಎಂದು ಸಾವಂತ್ರವ್ವ ಬಬಲೇಶ್ವರದ ಕಡೆಯ ಮಂತ್ರವಾದಿಯೊಬ್ಬನನ್ನು ಕರೆಸಿದಳು. "ಉಪಾಸ ಕೆಡವ್ರಿ. ಉಣ್ಣಾಕ ಸಿಗಲಿಲ್ಲಂದ್ರ ತಾನ ಬಿಟ್ಟ ಹೋಗತೈತಿ" ಎಂದು ಅವನು ಹೇಳಿಹೋದ. ಖಂಡಪ್ಪ ಅಡುಗೆಮನೆಗೆ ಬೀಗ ಹಾಕಿದ.

ಮೊದಲ ದಿನ ಸಕ್ರವ್ವ ಸುಮ್ಮನೆ ಗೋಡೆಗೆ ಒರಗಿ ಕೂತಳು. ಮರುದಿನ ಮಧ್ಯಾಹ್ನ ಬೀಗದ ಬಾಗಿಲಿಗೆ ಹಣೆ ಹಚ್ಚಿ, ಕ್ಷೀಣ ದನಿಯಲ್ಲಿ ಅಂದಳು: "ಒಂದ ತುತ್ತ ರೊಟ್ಟಿ ಕೊಡ್ರಿ."

ಅದೇ ಎಳೆ ದನಿ, ಅದೇ ರಾಗ. ಖಂಡಪ್ಪ ಬೀಗ ತೆಗೆದ. ರೊಟ್ಟಿ ತಂದು ಹೆಂಡತಿಯ ಎದುರು ನೆಲದ ಮೇಲೇ ಕೂತ.

"ನಿನಗ ಏನಾಗತೈತಿ, ನನ್ನ ಮುಂದ ಹೇಳ."

ವರ್ಷವಿಡೀ ಯಾರೂ ಕೇಳಿರದ ಮಾತು ಅದು.

"ಕಡೀ ಸಲ ಕೇಳಿದಾಗ ತಾನ ಎದ್ದು ರೊಟ್ಟಿ ಬುಟ್ಟಿಗೆ ಕೈ ಹಾಕಿದ್ಳ್ರಿ. ನಾ ಕೈ ಮ್ಯಾಲ ಹೊಡದೆ. ಜ್ವರಕ್ಕ ಬೆರಳು ಸುಡಾಕತ್ತಿದ್ದು" ಎಂದಳು ಸಕ್ರವ್ವ. "ನನ್ನ ಹೊಟ್ಟಿ ತುಂಬೇತ್ರಿ. ಆಕೀದು ತುಂಬವಲ್ದು."

ಖಂಡಪ್ಪ ತಲೆ ತಗ್ಗಿಸಿ ಹೇಳಿದ: "ಆಕೀಗಂತ ಪೇಡೆ ತಂದಿದ್ದೆ. ಕೊಡಾಕ ಅಂಜಿದೆ. ಅಂಗಡ್ಯಾಗ ಕುಂತ ನಾನ ತಿಂದೆ."

ಇಬ್ಬರೂ ಒಟ್ಟಿಗೆ ಅತ್ತದ್ದು ಅಂದೇ ಮೊದಲು. ಅವನು ಮುರಿದು ಕೊಟ್ಟ ರೊಟ್ಟಿಯಲ್ಲಿ ಅರ್ಧ ತಿಂದು ಅವಳು ಸಾಕೆಂದಳು.

ಹಸಿವು ಹೋಗಿಯೇಬಿಟ್ಟಿತು ಎನ್ನುವಂತಿಲ್ಲ. ವಾರಗಟ್ಟಲೆ ತಣ್ಣಗಿದ್ದು, ಮೋಡ ಕವಿದ ದಿನ ಒಮ್ಮೆಲೇ ಎರಗುತ್ತಿತ್ತು. ಆಗ ಅವಳು ಗಂಡನಿಗೆ ಹೇಳಿಕಳಿಸುವಳು. ಅವನು ಗಿರಾಕಿಗಳನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂರುವನು. ರಾಚಿಯ ತಂಟೆಗಳ ಮಾತಾಡುತ್ತಿದ್ದರೆ ಕೆಲವು ಸಲ ಹಸಿವು ಇಳಿಯುತ್ತಿತ್ತು. ಕೆಲವು ಸಲ ಇಳಿಯದೆ ಅವಳು ಅವನೆದುರೇ ತಿನ್ನುತ್ತಿದ್ದಳು. ಅವನು ಬೇಡವೆನ್ನುತ್ತಿರಲಿಲ್ಲ.

ಮಂತ್ರವಾದಿಯನ್ನು ಮತ್ತೊಮ್ಮೆ ಕರೆಸೋಣವೆಂದು ಸಾವಂತ್ರವ್ವ ಹೊರಟಾಗ ಖಂಡಪ್ಪ ತಡೆದ.

"ಬ್ಯಾಡ ಬಿಡವ್ವಾ. ಆಕಿ ನಮ್ಮ ಕೂಸು. ನಮ್ಮ ಮನ್ಯಾಗ ಇರಲಿ."