ಒಂದೂ ರಜೆ ಹಾಕದ ನೌಕರ

ಆ ಕಚೇರಿಯಲ್ಲಿ ಇನ್ನೂರ ಹನ್ನೆರಡು ಜನ ನೌಕರರು. ಅವರ ಹೆಸರಿನದೊಂದು ಟೇಬಲ್ಲು, ರಜೆಯದೊಂದು ಟೇಬಲ್ಲು, ಎರಡೂ ಕಂಪ್ಯೂಟರಿನಲ್ಲಿ. ಅದನ್ನು ನೋಡಿಕೊಳ್ಳುವವಳು ಒಬ್ಬಳೇ. ಎಲ್ಲರೂ ಅವಳನ್ನು ಕಂಪ್ಯೂಟರ್ ಮೇಡಂ ಎನ್ನುತ್ತಿದ್ದರು. ಹಾಜರಿ ಪುಸ್ತಕ ಮಾತ್ರ ಇನ್ನೂ ಕಾಗದದ್ದೇ, ಸಾಹೇಬರ ಕಪಾಟಿನಲ್ಲಿ.

ವಾರ್ಷಿಕ ಸಭೆಗೆ ನಾಲ್ಕು ದಿನವಿದೆ ಎನ್ನುವಾಗ ಸಾಹೇಬರು ಬಾಗಿಲಲ್ಲೇ ನಿಂತು, "ಮೇಡಂ, ಈ ವರ್ಷ ಒಂದು ದಿನವೂ ರಜೆ ಹಾಕದವರ ಪಟ್ಟಿ ಮಧ್ಯಾಹ್ನದೊಳಗೆ ಬೇಕು. ಫಲಕ ಕೊಟ್ಟು ಸನ್ಮಾನ ಮಾಡ್ತೀವಿ" ಎಂದರು.

ಇದೇನು ಮಹಾ ಎಂದುಕೊಂಡು ಅವಳು ಎರಡು ಟೇಬಲ್ಲನ್ನೂ ಜೋಡಿಸಿ, ಕೊನೆಗೆ ಈ ವರ್ಷದ್ದು ಮಾತ್ರ ಎಂಬ ಷರತ್ತು ಹಾಕಿ, ರಜೆಯ ಜಾಗ ಖಾಲಿ ಇರುವವರನ್ನು ಕೇಳಿದಳು. ಒಬ್ಬರೂ ಬರಲಿಲ್ಲ. ಹನ್ನೊಂದೂವರೆಯಾದರೂ ಬರಲಿಲ್ಲ. ತಲೆಕೆಟ್ಟು ತಂಗಿಗೆ ಫೋನ್ ಮಾಡಿದಳು. ತಂಗಿ ಬೇರೊಂದು ಕಚೇರಿಯಲ್ಲಿ ಇದೇ ಕೆಲಸದವಳು, ಅಕ್ಕನಿಗೆ ಬುದ್ಧಿ ಹೇಳುವ ಅವಕಾಶ ಸಿಕ್ಕರೆ ಬಿಡುವವಳಲ್ಲ.

"ಅಯ್ಯೋ ಅಕ್ಕ, ರಜೆ ಹಾಕದವನ ಪಕ್ಕ ವರ್ಷ ಎಲ್ಲಿಂದ ಬರ‍್ಬೇಕು? ನಿನ್ನ ಷರತ್ತೇ ಖಾಲಿ ಸಾಲುಗಳನ್ನೆಲ್ಲ ಗುಡಿಸಿ ಹಾಕಿದೆ."

"ಹಾಗಾದ್ರೆ ಏನು ಮಾಡ್ಲಿ?"

"ಮೊದಲು ಸೋಸು, ಆಮೇಲೆ ಸೇರಿಸು. ಈ ವರ್ಷದ ರಜೆಗಳನ್ನಷ್ಟೇ ಬ್ರಾಕೆಟ್ಟಿನೊಳಗೆ ಬೇರೆ ಮಾಡ್ಕೋ. ಎಡಗಡೆ ನೌಕರರೆಲ್ಲ ಇರ‍್ಲಿ, ಅವರು ಒಬ್ಬರೂ ಬಿಟ್ಟುಹೋಗದ ಹಾಗೆ ಸೋಸಿದ್ದನ್ನ ಬಲಗಡೆ ಲೆಫ್ಟ್ ಜಾಯಿನ್ ಮಾಡು. ಯಾರ ಪಕ್ಕ ಏನೂ ಬರಲ್ವೋ ಅವರೇ ನಿನ್ನ ಗಿರಾಕಿಗಳು."

ಹಾಗೇ ಮಾಡಿದಳು. ಒಂದೇ ಒಂದು ಹೆಸರು ಬಂತು. ಅದನ್ನು ಅವಳು ಎರಡು ಸಲ ಓದಿದಳು.

ಅದು ಸ್ಟೋರ್ ಕೀಪರ್‌ನ ಹೆಸರು. ಕಚೇರಿಯಲ್ಲಿ ಅವನಿಗೆ 'ಅಮಾವಾಸ್ಯೆ ಚಂದ್ರ' ಎಂಬ ಅಡ್ಡಹೆಸರು. ಇದ್ದಾನೆ ಎಂದು ಎಲ್ಲರಿಗೂ ಗೊತ್ತು, ಕಂಡವರಿಲ್ಲ. ಎರಡು ವರ್ಷದಿಂದ ಅವನು ಇತ್ತ ತಲೆ ಹಾಕಿಯೇ ಇರಲಿಲ್ಲ. ಬರದವನು ರಜೆ ಅರ್ಜಿ ಯಾಕೆ ಬರೆದಾನು? ಅಮ್ಮ ಬಚ್ಚಲಲ್ಲಿ ಜಾರಿಬಿದ್ದಾಗ ಅರ್ಧ ದಿನ ರಜೆ ಹಾಕಿದ್ದ ಕಂಪ್ಯೂಟರ್ ಮೇಡಂ ಕೂಡ ಪಟ್ಟಿಯಿಂದ ಹೊರಗೆ.

"ಸಾರ್, ಇವರು ರಜೆ ಹಾಕಿಲ್ಲ, ನಿಜ. ಆದ್ರೆ ಬಂದೂ ಇಲ್ಲ. ಹಾಜರಿ ಪುಸ್ತಕ ಒಂದ್ಸಲ ನೋಡೋಣ" ಎಂದು ಸಾಹೇಬರ ಕೋಣೆಗೆ ಹೋಗಿ ಹೇಳಿದಳು.

ಹಾಜರಿ ಪುಸ್ತಕ ತೆರೆದರೆ ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ಮೇಲಿನವರು ತಮ್ಮನ್ನೇ ಕೇಳುತ್ತಾರೆ ಎಂಬುದು ಸಾಹೇಬರಿಗೆ ತಟ್ಟನೆ ಹೊಳೆಯಿತು.

"ನಾನು ಕೇಳಿದ್ದು ರಜೆ ಹಾಕದವರನ್ನ. ಕಂಪ್ಯೂಟರ್ ಕೊಟ್ಟಿದೆ. ಕಂಪ್ಯೂಟರ್‌ಗಿಂತ ನಿಮಗೆ ಜಾಸ್ತಿ ಗೊತ್ತಾ?"

ಕಂಪ್ಯೂಟರಿಗೆ ಹೇಳಿಕೊಟ್ಟವಳೇ ತಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೂ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಬಂದಳು.

ಸಭೆಯ ದಿನ ಅಮಾವಾಸ್ಯೆ ಚಂದ್ರ ಉದಯಿಸಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೆಲಸದಿಂದ ತೆಗೆಯಲಿಕ್ಕೇ ಕರೆಸಿದ್ದಾರೆಂದು ಹೆದರಿ ಬಂದಿದ್ದವನ ಕೈಗೆ ಫಲಕ ಬಂತು, ಚಪ್ಪಾಳೆ ಬಿತ್ತು. ಅವನು ಮೈಕಿನ ಮುಂದೆ ನಿಂತು, "ನನ್ನನ್ನ ಯಾರೂ ಗಮನಿಸಲ್ಲ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಅತ್ತುಬಿಟ್ಟ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮೇಡಂಗೆ ನಗು ತಡೆಯಲಾಗಲಿಲ್ಲ. ಆದರೆ ಆ ಅಳು ನಾಟಕವಲ್ಲ ಎಂದೂ ಅನ್ನಿಸಿತು.

ಎರಡು ವರ್ಷದಿಂದ ಯಾರ್ಯಾರೋ ತೆಗೆಯುತ್ತಿದ್ದ ಸ್ಟೋರ್ ರೂಮಿನ ಬೀಗವನ್ನು ಮರುದಿನ ಒಂಬತ್ತೂವರೆಗೆ ಅವನೇ ತೆಗೆದ. ಅದರ ಮರುದಿನವೂ ತೆಗೆದ. ಧೂಳು ಹೊಡೆದು, ಸಾಮಾನು ಎಣಿಸಿ, ಬೇಕಾದವರು ಫಾರಂ ತುಂಬಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದ. ಬೇಕಾದಷ್ಟು ಪೆನ್ನು, ಕಾಗದ ಮನೆಗೆ ಒಯ್ಯುತ್ತಿದ್ದವರೆಲ್ಲ ಕಂಗಾಲಾದರು.

ತಿಂಗಳು ತುಂಬುವಷ್ಟರಲ್ಲಿ ಸಾಹೇಬರೇ ಮೇಡಂ ಬಳಿ ಬಂದು ದನಿ ತಗ್ಗಿಸಿದರು. "ಒಂದು ಸ್ಟೇಪ್ಲರ್‌ಗೆ ನನ್ನ ಹತ್ರ ಮೂರು ಸಹಿ ಹಾಕಿಸ್ಕೊಂಡ ಕಣ್ರೀ. ಹೇಗಾದ್ರೂ ಮಾಡಿ ಅವನ ಕೈಲಿ ಒಂದು ವಾರ ರಜೆ ಹಾಕ್ಸಿ."

ಅವಳು ಹೋಗಿ ಕೇಳಿದಳು. ಅವನು ಕನ್ನಡಕದ ಮೇಲಿಂದ ನೋಡಿ, "ರಜೆನಾ? ನಾನಾ?" ಎಂದ. ನಿಜಕ್ಕೂ ನೊಂದುಕೊಂಡಿದ್ದ.